ಕೈಕೊಡದ ಕಾರೊಂದರ ಹುಡುಕಾಟ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಈಗಿರುವ ಕಾರು ತುಂಬ ಸತಾಯಿಸುತ್ತಿದೆ. ಅದನ್ನು ಮಾರಿ ನಂಬಿಕೆಯ ಸಣ್ಣ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಯಾವುದಾದೀತು?" ಎಂದು ಕೇಳಿದ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿದ ನನ್ನನ್ನು ಕಾರಿನ ವಿಷಯದಲ್ಲಿಯೂ ತಿಳಿದವನೆಂದು ಆತ ಏಕೆ ಭಾವಿಸಿದನೋ ಕಾಣೆ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ನಾನೊಮ್ಮೆ ಚೆನ್ನಾಗಿ ಮೋಸಹೋಗಿದ್ದೇನೆ. ಆತನಿಗೆ ಅಂದು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಉತ್ತರ ಅಪೂರ್ಣವಾಯಿತೆಂದು ಮನಸ್ಸು ಕಾಡುತ್ತಲೇ ಇತ್ತು. ಆದ್ದರಿಂದ ಇಂದು ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಮ್ಮ ತಲೆಮಾರಿನ ಶಿಕ್ಷಕರಿಗೆ ಕಾರು ಎಂಬುದು ಬೇರೆಯವರ ಮನೆಯ ವಸ್ತುವಾಗಿತ್ತು. 1983ರ ಡಿಸೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ಕಾರಿನ ಕೀಲಿಕೈಯನ್ನು ಅದರ ಮಾಲೀಕರಿಗೆ ಹಸ್ತಾಂತರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಾನು ಬಿ.ಇಡಿ. ಸೇರುವ ತಯಾರಿಯಲ್ಲಿದ್ದೆ. 796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಕಾರು ಮುಂದೆ ಮೂವತ್ತು ವರ್ಷಗಳ ಕಾಲ, 2014ರ ಆರಂಭದವರೆಗೂ ತಯಾರಾಯಿತು. ನನ್ನ ಸೇವಾವಧಿಯ ಬಹುಪಾಲು ಕಳೆದದ್ದು ಮಾತ್ರ ಸ್ಕೂಟರಿನ ಮೇಲೆ. ಮಳೆಗಾಲದ ಬೆಳಗಿನಲ್ಲಿ ಅದನ್ನು ಪಕ್ಕಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ, ಕಿಕ್ಕು ಹೊಡೆಯುತ್ತಿದ್ದ ದೃಶ್ಯ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶಾಲೆಯ ಗೇಟಿನ ಬಳಿ ನಿಂತು ನಗುತ್ತಿದ್ದವರೂ ನೀವೇ!

2018ರಲ್ಲಿ ನಿವೃತ್ತನಾದೆ. ಕೈಗೆ ಒಂದಿಷ್ಟು ಹಣ ಬಂತು. ಇಷ್ಟು ವರ್ಷ ಸ್ಕೂಟರಿನ ಹಿಂದೆ ಕುಳಿತು ನೆನೆದ ನನ್ನ ಶ್ರೀಮತಿಯನ್ನು ಇನ್ನಾದರೂ ಕಾರಿನಲ್ಲಿ ಕೂರಿಸಬೇಕೆಂಬ ಆಸೆ ಮೂಡಿತು. ಅದು ಒಳ್ಳೆಯ ಆಸೆಯೇ. ಅದರೊಳಗೆ ಇನ್ನೊಂದು ಆಸೆ ಅಡಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ತೀರ್ಥಹಳ್ಳಿಯ ಪೇಟೆಯಲ್ಲಿ ಹೋಗುವಾಗ ನಾಲ್ಕು ಜನ ತಿರುಗಿ ನೋಡಬೇಕೆಂಬ ಆಸೆ ಅದು. ಹಾಗಾಗಿ ನಾಲ್ಕು ವರ್ಷ ಹಳೆಯದಾದ, ಆದರೆ ಬಹಳ ಅಂದವಾದ ಕಾರೊಂದನ್ನು ಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಚರ್ಮದ ಹೊದಿಕೆಯ ಆಸನ, ಬೆಳಗುವ ಪರದೆ, ಮಳೆ ಬಿದ್ದೊಡನೆ ತಾನಾಗಿಯೇ ಚಲಿಸುವ ವೈಪರು, ಎಲ್ಲವೂ ಅದರಲ್ಲಿದ್ದವು. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಬಾರಿ ಉದಾಹರಿಸಿದ್ದೆನೋ! ಕೊಳ್ಳುವ ದಿನ ಅದು ನೆನಪಿಗೆ ಬರಲಿಲ್ಲ.

ಮೊದಲ ಆರು ತಿಂಗಳು ಸುಗಮವಾಗಿ ಕಳೆದವು. ಆಮೇಲೆ ಎಚ್ಚರಿಕೆಯ ದೀಪವೊಂದು ಹೊತ್ತಿಕೊಂಡಿತು. ಅದನ್ನು ಆರಿಸಿದರೆ ಇನ್ನೊಂದು ಹೊತ್ತಿತು. ಒಮ್ಮೆ ಸೆನ್ಸರು, ಒಮ್ಮೆ ಕಿಟಕಿಯ ಮೋಟರು, ಒಮ್ಮೆ ಸ್ಟೀರಿಂಗಿನ ದೋಷ. ಪ್ರತಿ ಬಾರಿಯೂ ಬಿಡಿಭಾಗ ದೂರದಿಂದ ಬರಬೇಕು, ಹತ್ತು ಹದಿನೈದು ದಿನ ಕಾಯಬೇಕು. ನಮ್ಮೂರಿನ ಮೆಕ್ಯಾನಿಕ್‌ಗಳು ಬಾನೆಟ್ ತೆರೆದು ನೋಡಿ, ಗೌರವದಿಂದ ಮುಚ್ಚಿಬಿಡುತ್ತಿದ್ದರು. ದುರಸ್ತಿಯ ಚೀಟಿಗಳನ್ನು ನಾನು ಪುಸ್ತಕದ ಬೀರುವಿನಲ್ಲಿ, ಹಳೆಯ ಪಂಚಾಂಗಗಳ ಕೆಳಗೆ ಇಡುತ್ತಾ ಬಂದೆ. ಶ್ರೀಮತಿ ಕೇಳಿದರೆ, "ಸಣ್ಣ ಕೆಲಸ, ಐನೂರು ರೂಪಾಯಿ" ಎನ್ನುತ್ತಿದ್ದೆ. ಐನೂರರ ಮುಂದೆ ಇನ್ನೊಂದು ಅಂಕಿ ಇರುತ್ತಿತ್ತು. ಗಣಿತದ ಮೇಷ್ಟ್ರು ಮಾಡಬಾರದ ತಪ್ಪು ಅದು.

2021ರಲ್ಲಿ ಶ್ರೀಮತಿಗೆ ಮಣಿಪಾಲದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಮೂರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು. ನಮ್ಮೂರಿನಿಂದ ಮಣಿಪಾಲಕ್ಕೆ ಹೋಗಲು ಆಗುಂಬೆಯ ಘಾಟಿ ಇಳಿಯಬೇಕು. ಹದಿನಾಲ್ಕು ಕಡಿದಾದ ತಿರುವುಗಳು. ಇಳಿಯುವಾಗ ಬ್ರೇಕಿಗೆ ಪರೀಕ್ಷೆ, ಹತ್ತುವಾಗ ಎಂಜಿನ್ನಿಗೆ ಪರೀಕ್ಷೆ. ಮಳೆಗಾಲದಲ್ಲಿ ಕೆಲವೊಮ್ಮೆ ಆ ದಾರಿಯಲ್ಲಿ ಭಾರೀ ವಾಹನಗಳ ಸಂಚಾರವನ್ನೇ ನಿಲ್ಲಿಸಿಬಿಡುತ್ತಾರೆ.

2022ರ ಜುಲೈ ತಿಂಗಳ ಒಂದು ಸಂಜೆ. ಮಣಿಪಾಲದಿಂದ ಹಿಂತಿರುಗುತ್ತಿದ್ದೆವು. ಹೆಬ್ರಿ ದಾಟಿ ಸೋಮೇಶ್ವರದಿಂದ ಘಾಟಿ ಹತ್ತಲಾರಂಭಿಸಿದಾಗ ಮಂಜು ಕವಿದಿತ್ತು, ಮಳೆ ಸಣ್ಣಗೆ ಸುರಿಯುತ್ತಿತ್ತು. ಅರ್ಧ ಘಾಟಿ ಹತ್ತುವಷ್ಟರಲ್ಲಿ ಉಷ್ಣತೆಯ ಕೆಂಪು ದೀಪ ಹೊತ್ತಿತು, ಬಾನೆಟ್ಟಿನಿಂದ ಆವಿ ಎದ್ದಿತು. ತಿರುವಿನ ಪಕ್ಕದ ಇಕ್ಕಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿದೆ. ಎಂಜಿನ್ನನ್ನು ತಂಪಾಗಿಡುವ ದ್ರವ ಒತ್ತಡದಲ್ಲಿರುತ್ತದೆ. ಪ್ರೆಷರ್ ಕುಕ್ಕರಿನ ತತ್ವವೇ ಅದು. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಎಲ್ಲಿಯಾದರೂ ಬಿರುಕು ಬಿಟ್ಟು ದ್ರವ ಸೋರಿದರೆ ಒತ್ತಡವೂ ಇಳಿಯುತ್ತದೆ, ಕುದಿಯುವ ಬಿಂದುವೂ ಇಳಿಯುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ನಾನೇ ಹೇಳಿದ ಪಾಠ. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದೆಂಬುದೂ ಗೊತ್ತಿತ್ತು. ಆದರೆ ಗೊತ್ತಿದ್ದು ಪ್ರಯೋಜನವೇನು? ಮೊಬೈಲಿಗೆ ಸಂಕೇತವಿಲ್ಲ. ಕತ್ತಲಾಗುತ್ತಿದೆ. ಪಕ್ಕದಲ್ಲಿ ಎದೆಯ ಮೇಲೆ ಹೊಲಿಗೆಯ ಗುರುತಿರುವ ಹೆಂಡತಿ, ಮಡಿಲಲ್ಲಿ ಔಷಧಿಯ ಚೀಲ ಹಿಡಿದು ಮಾತಿಲ್ಲದೆ ಕುಳಿತಿದ್ದಾಳೆ.

ಒಂದೂವರೆ ಗಂಟೆಯ ನಂತರ ಜೀಪೊಂದರಲ್ಲಿ ಬಂದ ಅಪರಿಚಿತರು ನಮ್ಮನ್ನು ಆಗುಂಬೆಗೆ ಮುಟ್ಟಿಸಿದರು. ಅವರ ಹೆಸರನ್ನೂ ಕೇಳಿಕೊಳ್ಳಲಿಲ್ಲವೆಂಬ ಕೊರಗು ಇಂದಿಗೂ ಇದೆ. ಮರುದಿನ ಕಾರನ್ನು ಎಳೆಸಿ ತಂದೆವು. ಪ್ಲಾಸ್ಟಿಕ್ಕಿನ ಒಂದು ಪುಟ್ಟ ಭಾಗ ಬಿರುಕು ಬಿಟ್ಟಿತ್ತು. ಅಂಗೈಯಗಲದ ಆ ವಸ್ತು ಬರಲು ಹದಿನೆಂಟು ದಿನ ಹಿಡಿಯಿತು.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ದುರಸ್ತಿಯಾಯಿತಲ್ಲ, ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಅಕ್ಟೋಬರಿನಲ್ಲಿ ಮತ್ತೆ ತಪಾಸಣೆಯ ದಿನ ಬಂತು. "ಈ ಸಲ ಬೇಡ, ನಾನು ಚೆನ್ನಾಗಿಯೇ ಇದ್ದೇನೆ" ಎಂದಳು. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. "ಮಳೆ ಕಳೆಯಲಿ" ಎಂದಳು. ಕಳೆದಿತ್ತು. ಆ ರಾತ್ರಿ ಬೆಂಗಳೂರಿನಿಂದ ಮಗ ಮಾತನಾಡಿದ. ಅಮ್ಮ ಅವನಿಗೆ ನಿಜ ಹೇಳಿದ್ದಳು: "ಆ ಕಾರಿನಲ್ಲಿ ಘಾಟಿ ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ. ನಿಮ್ಮಪ್ಪನಿಗೆ ಹೇಳಿದರೆ ಬೇಸರಪಟ್ಟುಕೊಳ್ಳುತ್ತಾರೆ. ಇಷ್ಟಪಟ್ಟು ಕೊಂಡಿದ್ದು."

ಹೃದಯದ ತಪಾಸಣೆಗೆಂದು ಕರೆದೊಯ್ಯಬೇಕಾದ ಕಾರೇ ಅವಳ ಎದೆ ಬಡಿತಕ್ಕೆ ಕಾರಣವಾಗಿತ್ತು. ನನಗೆ ಬೇಸರವಾದೀತೆಂದು ಅವಳು ತನ್ನ ತಪಾಸಣೆಯನ್ನೇ ಮುಂದೂಡುತ್ತಿದ್ದಳು. ಆ ರಾತ್ರಿ ಬೀರು ತೆರೆದು, ಪಂಚಾಂಗಗಳ ಕೆಳಗಿದ್ದ ಚೀಟಿಗಳನ್ನೆಲ್ಲ ಹೊರತೆಗೆದು ಕೂಡಿಸಿದೆ. ನಾಲ್ಕು ವರ್ಷಗಳಲ್ಲಿ ಒಂದು ಲಕ್ಷದ ಮೂವತ್ತೇಳು ಸಾವಿರ ರೂಪಾಯಿ. ಬೆಳಿಗ್ಗೆ ಆ ಕಾಗದವನ್ನು ಅವಳ ಮುಂದಿಟ್ಟೆ. ಅವಳು ನೋಡಿ, "ಸುಮಾರು ಇಷ್ಟೇ ಇರಬೇಕೆಂದು ನಾನೂ ಅಂದುಕೊಂಡಿದ್ದೆ" ಎಂದಳು. ಬೀರುವಿನ ಧೂಳು ಒರೆಸುವವಳು ಅವಳೇ ಎಂಬುದು ನನಗೆ ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅದೇ ವಾರ ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ಹೋಗಿ ಬಂದೆವು. ನಂತರ ಹೊಸ ಹುಡುಕಾಟ ಆರಂಭವಾಯಿತು.

ಈ ಬಾರಿ ನಮ್ಮೂರಿನ ಗ್ಯಾರೇಜೊಂದಕ್ಕೆ ಹೋದೆ. ಅದನ್ನು ನಡೆಸುವಾತ ನನ್ನ ವಿದ್ಯಾರ್ಥಿಯೇ. ಅವನ ಅಂಕಗಳು ನನಗೆ ನೆನಪಿಲ್ಲ. ನೆನಪಿಡುವಂಥ ಅಂಕಗಳನ್ನು ಅವನು ಪಡೆದಿರಲಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಇರುತ್ತಿರಲಿಲ್ಲವೆಂಬುದು ನೆನಪಿದೆ. ಹೊಳೆಯಾಚೆಯಿಂದ ನಡೆದು ಬರುತ್ತಿದ್ದ ಹುಡುಗ. ನಾನು ಅವನಿಗೆ, "ಯಾವ ಕಾರು ಒಳ್ಳೆಯದು?" ಎಂದು ಕೇಳಿದೆ. ಅವನು ಹೇಳಿದ ಮಾತು ಇದು: "ಸಾರ್, ಟ್ಯಾಕ್ಸಿಯವರು ಯಾವುದನ್ನು ಓಡಿಸುತ್ತಾರೆ ನೋಡಿ. ಗಾಡಿ ರಸ್ತೆಯಲ್ಲಿ ನಿಂತರೆ ಅವರ ಮನೆಯ ಒಲೆ ಉರಿಯುವುದಿಲ್ಲ. ಚೆಂದಕ್ಕೆ ಅವರು ದುಡ್ಡು ಹಾಕುವುದಿಲ್ಲ."

ಇಷ್ಟು ಸರಳವಾದ ಪ್ರಮೇಯ ನನಗೆ ಹೊಳೆದಿರಲಿಲ್ಲ. ಅಂದು ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಪತ್ರಿಕೆಯೊಂದನ್ನು ಸಿದ್ಧಪಡಿಸಿದೆ. ಮೊದಲನೆಯದು, ನಮ್ಮೂರಿನಲ್ಲಿ ಈ ಕಾರನ್ನು ಬಿಚ್ಚಿ ಜೋಡಿಸಬಲ್ಲವರು ಇದ್ದಾರೆಯೇ? ಎರಡನೆಯದು, ಬಿಡಿಭಾಗ ಬರಲು ಎಷ್ಟು ದಿನ ಬೇಕು? ಮೂರನೆಯದು, ಮಂಡಿನೋವಿನವರು ಬಾಗಿಲು ತೆರೆದು ಸುಲಭವಾಗಿ ಕೂರಬಹುದೇ, ಏಳಬಹುದೇ? ನಾಲ್ಕನೆಯದು, ನಾಲ್ಕು ಜನ ಕುಳಿತಾಗ ಘಾಟಿಯನ್ನು ಏದುಸಿರು ಬಿಡದೆ ಹತ್ತುತ್ತದೆಯೇ? ಐದನೆಯದು, ಅಪಘಾತವಾದರೆ ಒಳಗಿರುವವರು ಉಳಿಯುತ್ತಾರೆಯೇ? ನೋಟ್‌ಬುಕ್ಕನ್ನು ಶ್ರೀಮತಿಗೆ ತೋರಿಸಿದೆ. ಅವಳು ಪೆನ್ನು ತೆಗೆದುಕೊಂಡು ಆರನೆಯ ಪ್ರಶ್ನೆ ಬರೆದಳು: "ಕೆಟ್ಟುಹೋದರೆ ನನಗೆ ನಿಜ ಹೇಳುತ್ತೀರಾ?"

ಆರನೆಯದಕ್ಕೆ ಅಲ್ಲಿಯೇ ಉತ್ತರ ಬರೆದೆ. ಉಳಿದ ಐದಕ್ಕೆ ಉತ್ತರ ಹುಡುಕಲು ಒಂದು ತಿಂಗಳು ಹಿಡಿಯಿತು.

ಮೊದಲು ಡೀಸೆಲ್ ಕಾರಿನ ಯೋಚನೆ ಬಂತು. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದಾಗ ಸಣ್ಣ ಡೀಸೆಲ್ ಕಾರುಗಳು ಬಹುಮಟ್ಟಿಗೆ ಮಾರುಕಟ್ಟೆಯಿಂದ ನಿರ್ಗಮಿಸಿದವು. ಹೊಸ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಅದು ಆಗಾಗ ಚೆನ್ನಾಗಿ ಕಾದು ಆ ಮಸಿಯನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಹೆದ್ದಾರಿಯಲ್ಲಿ ದೀರ್ಘವಾಗಿ ಓಡಿಸಬೇಕು. ಪೇಟೆಗೆ ಹೋಗಿ ತರಕಾರಿ ತರುವ ನಿವೃತ್ತರಿಗೆ ಅದು ಹೊಂದುವುದಿಲ್ಲ. ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಘಾಟಿಯಲ್ಲಿ ಚುರುಕು, ನಿಜ. ಆದರೆ ಭಾಗಗಳು ಹೆಚ್ಚು. ಹಳೆಯದಾದಾಗ ಖರ್ಚೂ ಹೆಚ್ಚು. ಕ್ಲಚ್ ಒತ್ತುವ ಕಷ್ಟ ತಪ್ಪಲೆಂದು ಮಗ ಎಎಂಟಿ ಗೇರಿನ ಕಾರನ್ನು ಸೂಚಿಸಿದ. ಅದರಲ್ಲಿ ಇರುವುದು ಮಾಮೂಲಿ ಗೇರುಪೆಟ್ಟಿಗೆಯೇ. ನಮ್ಮ ಎಡಗಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ ಅಷ್ಟೆ. ಪರಿಚಿತರೊಬ್ಬರ ಅಂಥ ಕಾರನ್ನು ಏರಿನಲ್ಲಿ ಓಡಿಸಿ ನೋಡಿದೆ. ಗೇರು ಬದಲಾಗುವ ಆ ಅರೆಕ್ಷಣದ ತಡವರಿಕೆ ಶ್ರೀಮತಿಯ ಮುಖದಲ್ಲಿ ಕಾಣಿಸಿತು. ಎಡಗಾಲು ಇನ್ನೂ ಗಟ್ಟಿಯಿದೆಯೆಂದು ಹೇಳಿ ಅದನ್ನೂ ಬಿಟ್ಟೆವು.

ಕೊನೆಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಉತ್ತೀರ್ಣವಾದದ್ದು ಟೊಯೋಟಾದ ಇಟಿಯೋಸ್ ಲಿವಾ. 1197 ಸಿಸಿಯ ಪೆಟ್ರೋಲ್ ಕಾರು. ನಮ್ಮ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ ತಯಾರಾದದ್ದು. 2011ರಲ್ಲಿ ಬಂದ ಈ ಕಾರಿನ ತಯಾರಿಕೆಯನ್ನು 2020ರಲ್ಲಿ ನಿಲ್ಲಿಸಿದರು. ಆದ್ದರಿಂದ ಹಳೆಯದನ್ನೇ ಕೊಳ್ಳಬೇಕಿತ್ತು. ಇದರ ಅಣ್ಣನಾದ ಇಟಿಯೋಸ್ ಊರೂರುಗಳಲ್ಲಿ ಟ್ಯಾಕ್ಸಿಯಾಗಿ ಓಡಿದ್ದರಿಂದ ಕೈ ಪಳಗಿದ ಮೆಕ್ಯಾನಿಕ್‌ಗಳು ಎಲ್ಲೆಡೆ ಇದ್ದರು. ಬಿಡಿಭಾಗ ಬೇಕೆಂದರೆ ಶಿವಮೊಗ್ಗದಿಂದ ಮರುದಿನದ ಬಸ್ಸಿನಲ್ಲಿ ಬರುತ್ತದೆಂದು ಗ್ಯಾರೇಜಿನ ಶಿಷ್ಯ ಭರವಸೆ ಕೊಟ್ಟ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ವಯಸ್ಕರ ರಕ್ಷಣೆಯಲ್ಲಿ ಐದರಲ್ಲಿ ನಾಲ್ಕು ನಕ್ಷತ್ರ ಪಡೆದಿತ್ತು. ಅಂದವೆಂದರೆ ಅಷ್ಟಕ್ಕಷ್ಟೆ. ವೇಗ ತೋರಿಸುವ ಮುಳ್ಳು ಚಾಲಕನ ಎದುರಿಗಿರದೆ ನಡುವಿನಲ್ಲಿತ್ತು. ಒಳಗಿನ ಪ್ಲಾಸ್ಟಿಕ್ಕು ಸರ್ಕಾರಿ ಕಚೇರಿಯ ಕುರ್ಚಿಯನ್ನು ನೆನಪಿಸುವಂತಿತ್ತು. ಪೇಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲವೆಂಬುದು ಖಚಿತವಾಗಿತ್ತು.

ಹಳೆಯ ಕಾರು ಕೊಳ್ಳುವವರಿಗೆ ಉಪಯೋಗವಾದೀತೆಂದು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಶಿಷ್ಯನೂ ನಾನೂ ಬೆಳಿಗ್ಗೆ ಏಳು ಗಂಟೆಗೇ ಮಾಲೀಕರ ಮನೆಗೆ ಹೋದೆವು. ಮೊದಲು ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಮೊದಲೇ ಬಿಸಿಮಾಡಿಟ್ಟ ಎಂಜಿನ್ನು ತನ್ನ ದೋಷಗಳನ್ನು ಮುಚ್ಚಿಡಬಲ್ಲದಂತೆ. ನಂತರ ಚಾಲೂ ಮಾಡಿ ಹೊಗೆ ನೋಡಿದ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಎಂಜಿನ್ನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ತಂಪು ದ್ರವ ಒಳಗೆ ಸೋರುತ್ತಿರಬಹುದು. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂಥ ಲೇಪವಿದ್ದರೆ ಅನುಮಾನಿಸಬೇಕು. ಟೈರಿನ ಮೇಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 3518 ಎಂದರೆ 2018ರ ಮೂವತ್ತೈದನೆಯ ವಾರ. ಕಾರು 2018ರದ್ದು, ಟೈರೂ ಅದೇ ವರ್ಷದ್ದು, ಓಡಿದ್ದು 38 ಸಾವಿರ ಕಿಲೋಮೀಟರು, ಸರ್ವಿಸ್ ಪುಸ್ತಕದ ಲೆಕ್ಕವೂ ತಾಳೆಯಾಗುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಕಾಗದಪತ್ರದ ಕೆಲಸ. ಷಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಹೋಲಿಸಿದೆ. ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಪತ್ರ, ನಮೂನೆ 35 ಬೇಕು. ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಬಹಳ ಜನ ಮರೆಯುವುದು ಇದನ್ನೇ.

ಕೊನೆಯ ಪರೀಕ್ಷೆ ಆಗುಂಬೆಯಲ್ಲಿ. ಮಾಲೀಕರು ಒಳ್ಳೆಯವರು, ಒಪ್ಪಿದರು. ಅವರು, ನಾನು, ಶಿಷ್ಯ, ಶ್ರೀಮತಿ ನಾಲ್ವರೂ ಕುಳಿತು ಘಾಟಿ ಇಳಿದು ಹತ್ತಿದೆವು. ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದುಕೊಂಡಿತು; ಬ್ರೇಕಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಹತ್ತುವಾಗ ಕೊಂಚ ಗದ್ದಲ ಮಾಡಿತು, ಆದರೆ ದಮ್ಮು ಕಟ್ಟಲಿಲ್ಲ. ಹಿಂದೆ ನಾವು ನಿಂತಿದ್ದ ತಿರುವು ಬಂದಾಗ ನಾನೂ ಮಾತನಾಡಲಿಲ್ಲ, ಅವಳೂ ಮಾತನಾಡಲಿಲ್ಲ. ಮೇಲೆ ಬಂದು ಇಳಿದ ಮೇಲೆ ಅವಳು, "ಕೂತು ಏಳಲು ಸಲೀಸಾಗಿದೆ" ಎಂದಳು. ನಾಲ್ಕೂವರೆ ಲಕ್ಷಕ್ಕೆ ವ್ಯಾಪಾರ ಮುಗಿಯಿತು. ಹಳೆಯ ಕಾರನ್ನು ಅದರ ದೋಷಗಳನ್ನೆಲ್ಲ ಹೇಳಿಯೇ ಮಾರಿದೆ. ಬೆಲೆ ಕಡಿಮೆ ಬಂತು, ನಿದ್ದೆ ಚೆನ್ನಾಗಿ ಬಂತು.

ಇದು 2022ರ ನವೆಂಬರಿನ ಮಾತು. ಆ ನಂತರ ಮೂರು ಮಳೆಗಾಲಗಳು ಕಳೆದಿವೆ. ಇಷ್ಟು ದಿನ ಇದನ್ನು ಬರೆಯದಿರಲು ಕಾರಣವಿದೆ. ಕಾರಿನ ಅಂದ ಕೊಂಡ ದಿನವೇ ಗೊತ್ತಾಗುತ್ತದೆ. ಅದರ ನಂಬಿಕೆ ಗೊತ್ತಾಗಲು ವರ್ಷಗಳೇ ಬೇಕು. ಈ ಅವಧಿಯಲ್ಲಿ ಆಯಿಲ್, ಬ್ಯಾಟರಿ, ಟೈರು, ಬ್ರೇಕ್ ಪ್ಯಾಡುಗಳನ್ನು ಬದಲಿಸಿದ್ದೇನೆ. ಒಮ್ಮೆ ಹಿಂದಿನ ಚಕ್ರದಿಂದ ಸದ್ದು ಬಂತು. ಆ ದಿನವೇ ಶ್ರೀಮತಿಗೆ ಹೇಳಿದೆ, ಮೂರನೆಯ ದಿನ ಸರಿಯಾಯಿತು. ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಇಂದು ಕೊಳ್ಳುವವರಿಗೆ ಆಯ್ಕೆ ಬೇರೆಯೇ ಆಗಬಹುದು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆ ಬಂದಿದೆ. ಅದರ ಫಲಿತಾಂಶವನ್ನು ನೋಡಿಯೇ ಮುಂದುವರಿಯಿರಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಮತ್ತೊಮ್ಮೆ ಲೆಕ್ಕ ಹಾಕಬೇಕು. ಕಾರಿನ ಹೆಸರು ಬದಲಾದರೂ ಪ್ರಶ್ನೆಗಳು ಬದಲಾಗುವುದಿಲ್ಲ. ಯಾರು ದುರಸ್ತಿ ಮಾಡುತ್ತಾರೆ, ಭಾಗ ಯಾವಾಗ ಬರುತ್ತದೆ, ಪಕ್ಕದಲ್ಲಿ ಕೂರುವವರಿಗೆ ಭಯವಿಲ್ಲವೇ ಎಂದು ಕೇಳಿ. ಮೂರನೆಯದನ್ನು ನೀವೇ ಊಹಿಸಬೇಡಿ, ಅವರನ್ನೇ ಕೇಳಿ.

ಮೇಷ್ಟ್ರಾಗಿ ಒಂದು ಮಾತು ಹೇಳಿಬಿಡುತ್ತೇನೆ. ಮೂವತ್ತಮೂರು ವರ್ಷ ನಾನು ಥಟ್ಟನೆ ಉತ್ತರ ಹೇಳುವ ಮಕ್ಕಳನ್ನು ಮೆಚ್ಚಿದೆ, ಅವರ ಬೆನ್ನು ತಟ್ಟಿದೆ. ಮಳೆಯಲ್ಲಿ ನೆನೆದುಕೊಂಡು ದಿನವೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರಿಗೆ "ಹಾಜರ್" ಎಂಬ ಉತ್ತರದ ಮುಂದೆ ಒಂದು ಗೆರೆ ಎಳೆದು ಮುಂದೆ ಸಾಗಿದೆ. ಆ ಹಾಜರಿಗೂ ಅಂಕವಿರಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನಿಮ್ಮಲ್ಲಿ ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಸ್ವೀಕರಿಸಿ.

ಕಳೆದ ಬಾರಿ ಮಣಿಪಾಲದಿಂದ ಹಿಂತಿರುಗುವಾಗ ಹೆಬ್ರಿಯಲ್ಲಿ ಕಾಫಿ ಕುಡಿದು ಹೊರಟೆವು. ಮಳೆ ಹನಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದಲ್ಲಿ ಮಾತು ನಿಂತಿತು. ನೋಡಿದರೆ ಶ್ರೀಮತಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಹಳೆಯ ಕಾರಿನಲ್ಲಿ ಅವಳು ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಹದಿನಾಲ್ಕು ತಿರುವುಗಳನ್ನೂ ಅವಳಿಗೆ ಎಚ್ಚರವಾಗದಂತೆ ನಿಧಾನವಾಗಿ ಹತ್ತಿಸಿದೆ. ಆಗುಂಬೆಯ ಪೇಟೆಯಲ್ಲಿ ವೇಗ ತಗ್ಗಿಸಿದಾಗ ಕಣ್ಣು ಬಿಟ್ಟು, "ಘಾಟಿ ಬಂತೇ?" ಎಂದು ಕೇಳಿದಳು.

"ದಾಟಿ ಆಯಿತು" ಎಂದೆ.